ಒಂಬತ್ತನೇ ಪ್ರಶ್ನೆ

ಹೊಡೆದುಹಾಕಿದರೆ ಅದು ಸುಧಾರಣೆಯೋ, ಹಳೆಯ ಸೇಡೋ? ಗೊಂಬೆಯಾಟದ ಕಲಾವಿದ ಕೆಂಪು ಪೆನ್ಸಿಲನ್ನು ಒಂಬತ್ತನೇ ಪ್ರಶ್ನೆಯ ಮೇಲೆ ಹಿಡಿದು ಕುಳಿತಿದ್ದ: 'ನಿಮ್ಮ ಕಲೆಯ ಬಗ್ಗೆ ಇನ್ನೂರು ಪದಗಳಲ್ಲಿ ಬರೆಯಿರಿ.' ಕಲಾವಿದರಿಗೆ ಅನುದಾನ ಕೊಡುವ ಆ ಕಚೇರಿ, ತನ್ನ ಅರ್ಜಿ ನಮೂನೆಯನ್ನು ತಿದ್ದಲೆಂದೇ ಅವನನ್ನು ಆರು ತಿಂಗಳು ಸಂಬಳ ಕೊಟ್ಟು ಕೂರಿಸಿಕೊಂಡಿತ್ತು. ಸಂಜೆಯೊಳಗೆ ನಮೂನೆ ಅಚ್ಚಿಗೆ ಹೋಗಬೇಕು. ಬರೆಯಲು ಬಾರದ ಅವನ ಅಕ್ಕನ ಅರ್ಜಿ ಏಳು ವರ್ಷದ ಹಿಂದೆ ಇದೇ ಪ್ರಶ್ನೆಗೆ ಸಿಕ್ಕಿ ವಾಪಸಾಗಿತ್ತು. ಆಮೇಲೆ ಅವಳು ಗೊಂಬೆ ಮುಟ್ಟಿರಲಿಲ್ಲ.

"ಏನ್ರೀ, ಪೆನ್ಸಿಲ್ ಹಿಡ್ಕೊಂಡು ತಪಸ್ಸಿಗೆ ಕೂತ್ರಾ?" ಎದುರು ಮೇಜಿನ ಅಧಿಕಾರಿಣಿ ನಕ್ಕರು. "ಆ ಪ್ರಶ್ನೆ ಬರೆದವಳು ನಾನೇ. ತೆಗೀರಿ, ಬೇಜಾರಿಲ್ಲ."

"ತೆಗೆದ್ರೆ ಬದಲಿಗೆ ಏನು ಕೇಳೋದು ಮೇಡಂ?"

ಅವರು ಡ್ರಾಯರ್ ಎಳೆದು, ರಬ್ಬರ್ ಬ್ಯಾಂಡುಗಳ ನಡುವಿನಿಂದ ಹೆಬ್ಬೆರಳಿನಷ್ಟು ದೊಡ್ಡ, ಗೊಂಬೆಯ ಮರದ ಕೈಯೊಂದನ್ನು ತೆಗೆದಿಟ್ಟರು. "ಯಾರೋ ಒಬ್ಬಾಕೆ ಒಂದಕ್ಷರ ಬರೀದೆ, ಉತ್ತರದ ಜಾಗದಲ್ಲಿ ಇದನ್ನ ದಾರದಿಂದ ಹೊಲಿದು ಕಳಿಸಿದ್ರು. 'ಅಪೂರ್ಣ' ಅಂತ ಮೊಹರು ಒತ್ತಿದ್ದೂ ನಾನೇ. ಎಸೆಯೋಕೆ ಮಾತ್ರ ಮನಸ್ಸು ಬರ್ಲಿಲ್ಲ."

ಅದಕ್ಕೆ ಇನ್ನೂ ಅಂಟಿಕೊಂಡಿದ್ದ ದಾರವನ್ನು ಅವನು ಮೆಲ್ಲಗೆ ಎಳೆದ. ಮರದ ಕೈ ಮಣಿಕಟ್ಟಿನಲ್ಲಿ ಬಾಗಿ, ಯಾರನ್ನೋ ಹತ್ತಿರ ಕರೆಯುವಂತೆ ಆಡಿತು. ಮೇಡಂ ಮುಂದೆ ಬಾಗಿ ನೋಡಿದರು. ಅವನು 'ಇನ್ನೂರು ಪದಗಳಲ್ಲಿ' ಎಂಬುದನ್ನು ಹೊಡೆದುಹಾಕಿ, 'ಬರೆಯಿರಿ' ಎಂಬುದರ ಮುಂದೆ 'ಅಥವಾ ಮಾಡಿ ತೋರಿಸಿ' ಎಂದು ಸೇರಿಸಿದ.

"ಆಕೆ ಎಲ್ಲಿದ್ದಾರೋ. ಸಿಕ್ಕಿದ್ರೆ ಇನ್ನೊಂದ್ಸಲ ಅರ್ಜಿ ಹಾಕಿ ಅಂತಿದ್ದೆ," ಅಂದರು ಮೇಡಂ.

"ಹಾಕ್ತಾರೆ ಬಿಡಿ," ಅಂದ. ಆ ಕೈಯನ್ನು ಕೆತ್ತಿದವಳು ತನ್ನ ಅಕ್ಕ ಎಂದು ಅವನು ಕೊನೆಗೂ ಹೇಳಲಿಲ್ಲ.