ಮುದುಕಿ ಕೊಟ್ಟ ರೂಪಾಯಿ

"ಮೂರನೇ ಸಲ ಹೇಳಾಕತ್ತೀನಿ, ನಾನು ತಗಂಡಿಲ್ಲ," ಎಂದಳು ಪಂಪಾವತಿ. ತಮ್ಮ ಯರ್ರಿಸ್ವಾಮಿ ಮೂರನೇ ಸಲವೂ ಆ ಖಾಲಿ ಪೊಟ್ಟಣವನ್ನೇ ಅವಳ ಮೂಗಿನ ಮುಂದೆ ಹಿಡಿದ.

ಪೊಟ್ಟಣದ ಮೇಲೆ, ಹೋದ ತಿಂಗಳು ತೀರಿಕೊಂಡ ಅಪ್ಪನ ಅಕ್ಷರ: '೧೯೩೯, ಬೆಳ್ಳಿ ರೂಪಾಯಿ. ಕುರುಗೋಡಿನಲ್ಲಿ ಮುದುಕಿ ಟಿಕೆಟ್ಟಿಗೆ ಕೊಟ್ಟಿದ್ದು.' ಸಿರುಗುಪ್ಪ–ಬಳ್ಳಾರಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದ ಗಾಳೆಪ್ಪ, ಚೀಲಕ್ಕೆ ಬಿದ್ದ ಅಪರೂಪದ ನಾಣ್ಯಕ್ಕೆಲ್ಲ ತನ್ನ ಕಿಸೆಯಿಂದ ಬದಲಿ ಹಾಕಿ ಮನೆಗೆ ತರುತ್ತಿದ್ದ. ಹಾಗೆ ಬೀಗದ ಡಬ್ಬಿಯಲ್ಲಿ ಕೂಡಿದ್ದು ಇನ್ನೂರ ಹನ್ನೆರಡು ಪೊಟ್ಟಣ. ಅವನ್ನು ವರ್ಷವಾರು ಜೋಡಿಸಲು ಪಂಪಾವತಿ ದೇಶನೂರಿನಲ್ಲಿ ಗಂಡನನ್ನೂ ಎಮ್ಮೆಯನ್ನೂ ಬಿಟ್ಟು ಬಂದು ನಾಲ್ಕು ದಿನ ಸೊಂಟ ಮುರಿದುಕೊಂಡಿದ್ದಳು. ತಮ್ಮ ಒಂದು ಪೊಟ್ಟಣವನ್ನೂ ಬಿಚ್ಚಿರಲಿಲ್ಲ. ಕೌಲ್ ಬಜಾರಿನಿಂದ ಹಳೇ ನಾಣ್ಯದ ವ್ಯಾಪಾರಿಯನ್ನು ಕರೆತಂದದ್ದೇ ಮಹಾರಾಯನ ಶ್ರಮ.

ಆ ವ್ಯಾಪಾರಿ ಅಂಜಿನೇಯ ಎಲ್ಲ ನೋಡಿ ಮುಗಿಸಿ, "ಇವೆಲ್ಲಾ ಕೂಡಿ ಆರೇಳು ಸಾವಿರ ಆಗಬಹುದ್ರಿ. ಆ ಮೂವತ್ತೊಂಬತ್ತರದ್ದು ಅಸಲಿ ಇದ್ದಿದ್ರ ಅದೊಂದಕ್ಕೇ ಲಕ್ಷದ ಮ್ಯಾಲ," ಎಂದಿದ್ದ. ಅಲ್ಲಿಂದ ಶುರುವಾಗಿತ್ತು ಈ ರಾಮಾಯಣ.

"ಡಬ್ಬಿ ಬೀಗದ ಕೈ ನಿನ್ನ ಹತ್ರ ಇತ್ತಲ್ಲಕ್ಕ."

"ನಾನು ಬಿಚ್ಚಿದಾಗಲೇ ಅದು ಖಾಲಿ ಇತ್ತಲೇ."

"ಹಂಗಾರ ಹೇಳಬೇಕಿತ್ತು."

"ಹೇಳಿದ್ದೆ. ಫೋನ್ ನೋಡಿಕೋತ ಹ್ಞೂಂ ಅಂದಿ."

"ಹೋಗ್ಲಿ ಬಿಡು. ಬೇಕಾಗಿದ್ರ ಕೇಳಿ ಒಯ್ಯಬೇಕಿತ್ತು."

ಪಂಪಾವತಿಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಹೊರಗಿನವನ ಎದುರು, ಹುಟ್ಟಿದ ಮನೆಯಲ್ಲೇ ಕಳ್ಳಿ ಎನಿಸಿಕೊಂಡ ಮೇಲೆ ಮತ್ತೆ ಈ ಹೊಸ್ತಿಲು ತುಳಿಯುವುದು ಹೇಗೆ? ತನ್ನ ಚೀಲವನ್ನು ತಂದು ಚಾಪೆಯ ಮೇಲೆ ಸುರುವಿದಳು. ಎರಡು ಸೀರೆ, ಒಂದು ಬಾಚಣಿಗೆ, ಬಿಪಿ ಮಾತ್ರೆ.

ಚಹಾ ತಂದ ಅವ್ವ ಮೂಕಮ್ಮ ಬಾಗಿಲಲ್ಲೇ ನಿಂತಳು. "ಏನು ಹುಡುಕಾಕತ್ತೀರಿ?"

"ದೊಡ್ಡದೊಂದು ಬೆಳ್ಳಿ ರೂಪಾಯಿ ಇತ್ತಲ್ಲ, ಅದು," ಎಂದ ಯರ್ರಿಸ್ವಾಮಿ.

"ಅದಾ? ಅವತ್ತು ಹೆಣ ಎತ್ತೋ ಮುಂದ ನಿಮ್ಮಪ್ಪನ ಹಣಿಗೆ ಹಚ್ಚಾಕ ಒಂದು ರೂಪಾಯಿ ಕೇಳಿದ್ರ, ಬಂದ ಮಂದಿಯೊಳಗ ಒಬ್ಬರ ಕಿಸೆದಾಗೂ ಚಿಲ್ಲರ ಇರಲಿಲ್ಲ. ಎಲ್ಲಾರೂ ಫೋನಿನಾಗ ರೊಕ್ಕ ಕೊಡೋರೇ. 'ಡಬ್ಬಿಯಾಗಿಂದು ಯಾವುದರ ಕೊಡಬೇ, ಹೊತ್ತಾಗತೈತಿ' ಅಂತ ನೀನೇ ಒದರಿದಿ. ದೊಡ್ಡದು, ಚೆಂದ ಕಂಡಿತು, ಕೊಟ್ಟೆ. ಹಚ್ಚಿದಾವನೂ ನೀನೇ."

ಯರ್ರಿಸ್ವಾಮಿ ಖಾಲಿ ಪೊಟ್ಟಣವನ್ನೇ ತಿರುವಿ ನೋಡತೊಡಗಿದ. ಪಂಪಾವತಿ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತ ಕಾದಳು. ತಪ್ಪಾಯಿತು ಎನ್ನುವುದೇನೂ ಬೇಕಿರಲಿಲ್ಲ, ಒಮ್ಮೆ ಇತ್ತ ತಿರುಗಿ ನೋಡಿದ್ದರೂ ಸಾಕಿತ್ತು.

ಅಂಜಿನೇಯ ಮೆಲ್ಲಗೆ ಮುಂದಕ್ಕೆ ಸರಿದು, ದನಿ ತಗ್ಗಿಸಿ ಕೇಳಿದ: "ಸುಟ್ಟೀರೋ, ಹೂತೀರೋ?"

"ಹೂತೀವ್ರಿ," ಎಂದ ಯರ್ರಿಸ್ವಾಮಿ, ತಟ್ಟನೆ.