ಒಗ್ಗಿದ ಹಕ್ಕಿ

ಹಡಗಿನಿಂದ ಸೋರಿದ ಎಣ್ಣೆ ಮೆತ್ತಿದ ಕಡಲಹಕ್ಕಿ ಅತ್ತೆಯ ಮಡಿಲಿನ ಟವಲಿನಲ್ಲಿ ಮಿಸುಕದೆ ಕೂತಿತ್ತು. ಅದರ ಕತ್ತು ನೇವರಿಸುತ್ತ ಆಕೆ ಬೀಗಿದರು: "ನೋಡೇ, ಅರ್ಧ ಗಂಟೇಲಿ ನನ್ನ ಕೈಗೆ ಹೇಗೆ ಒಗ್ಗಿಬಿಡ್ತು!"

ಸೊಸೆ ಈ ಹಕ್ಕಿ ಆಸ್ಪತ್ರೆಯ ಡಾಕ್ಟರು. ಇವತ್ತು ಜನ ಸಾಲದೆ ಅತ್ತೆಯನ್ನೂ ಕರೆತಂದಿದ್ದಳು. ತೊಟ್ಟಿಯ ನೀರಿನಲ್ಲಿ ಸೋಪು ಕದಡುತ್ತಲೇ ಮೆಲ್ಲಗೆ ಹೇಳಿದಳು: "ಅದು ಒಗ್ಗಿರೋದಲ್ಲ ಅತ್ತೆ, ಹೆದರಿ ಮರಗಟ್ಟಿರೋದು. ನೇವರಿಸಬೇಡಿ. ಇವಕ್ಕೆ ನಮ್ಮ ಕೈ ಅಂದ್ರೆ ಯಮ."

ಅತ್ತೆಯ ಕೈ ಅಲ್ಲೇ ನಿಂತಿತು. ಎಂಟು ವರ್ಷ ತುಟಿಪಿಟಕ್ಕೆನ್ನದ ಸೊಸೆಯನ್ನು, 'ನನ್ನ ಕೈಗೆ ಒಗ್ಗಿದ ಹುಡುಗಿ' ಎಂದು ನೆಂಟರೆದುರು ಎಷ್ಟು ಸಲ ಹೊಗಳಿರಲಿಲ್ಲ!

"ಮತ್ತೆ... ಹುಷಾರಾಗಿದೆ ಅಂತ ಹೇಗೆ ಗೊತ್ತಾಗುತ್ತೆ?"

ಸೊಸೆ ತಲೆಯೆತ್ತಿ ಅತ್ತೆಯನ್ನು ನೇರವಾಗಿ ನೋಡಿದಳು.

"ಕುಕ್ಕುತ್ತೆ."