ಅಳತೆ ಬರೆದುಕೊಳ್ಳುವವರು

ನರ್ಸಮ್ಮ ಹೊಸ ಸಮವಸ್ತ್ರ ತೊಟ್ಟು ಕನ್ನಡಿಯ ಮುಂದೆ ನಿಂತು ಎರಡೂ ಕೈ ಚಾಚಿದಳು. ಬೆರಳುಗಳೇ ಕಾಣಲಿಲ್ಲ.

"ಟೈಲರಕ್ಕಾ, ಈ ತೋಳೊಳಗೆ ನನ್ನ ಕೈ ಜೊತೆ ಇನ್ನೊಬ್ಬರ ಕೈಯೂ ಹಿಡಿಸುತ್ತೆ ನೋಡಿ."

ಟೈಲರಕ್ಕನ ಮುಖ ಸಪ್ಪಗಾಯಿತು. ಈ ತಿಂಗಳಲ್ಲಿ ಅಳತೆ ತಪ್ಪಿದ್ದು ಇದು ಮೂರನೆಯದು. ಹೊಲಿಗೆ ಮೆಷಿನ್ನಿನ ಖಾನೆ ಎಳೆದು ಚೀಟಿಗಳ ರಾಶಿಯನ್ನು ಕೆದಕತೊಡಗಿದಳು. ಒಂದು ಔಷಧಿ ಡಬ್ಬಿಯ ರಟ್ಟು, ಒಂದು ಹರಿದ ಕ್ಯಾಲೆಂಡರಿನ ತುಂಡು, ಎಲ್ಲದರ ಮೇಲೂ ಅಂಕಿಗಳು. ಹೆಸರು ಒಂದರ ಮೇಲೂ ಇಲ್ಲ. "ಇಲ್ಲೇ ಇಟ್ಟಿದ್ದೆನಲ್ಲಮ್ಮಾ... ಇದು ನಿಮ್ಮದೋ, ನಿಮ್ಮ ಆ ಎತ್ತರದ ಡಾಕ್ಟರದೋ?"

"ತೋಳು ನೋಡಿದ್ರೆ ಡಾಕ್ಟರದೇ."

ಇಪ್ಪತ್ತೊಂಬತ್ತು ವರ್ಷ ಈ ಅಂಗಡಿಯಲ್ಲಿ ಚೀಟಿ ಎಂಬುದೇ ಇರಲಿಲ್ಲ. ಅಕ್ಕ ಟೇಪು ಹಿಡಿದು ಅಳತೆ ಕೂಗುವುದು, ತಂಗಿ ಮೂಲೆಯ ಸ್ಟೂಲಿನ ಮೇಲೆ ಕೂತು ದಪ್ಪ ಪುಸ್ತಕದಲ್ಲಿ ಬರೆದುಕೊಳ್ಳುವುದು. ತಂಗಿ "ಹ್ಞೂಂ" ಅನ್ನುವ ತನಕ ಅಕ್ಕನ ಟೇಪು ಒಂದಂಗುಲ ಸರಿಯುತ್ತಿರಲಿಲ್ಲ. ಆ ತಂಗಿ, ಅಕ್ಕನ ಬಾಯಲ್ಲಿ ಈಗಲೂ ಪುಟ್ಟಿ, ಮೂರು ತಿಂಗಳ ಹಿಂದೆ ತನ್ನ ಐವತ್ತೆರಡನೆಯ ವಯಸ್ಸಿನಲ್ಲಿ ಮದುವೆಯಾಗಿ ದೂರದ ಊರಿಗೆ ಹೋದಳು. ಬಾಗಿಲಲ್ಲಿ ನಿಂತು "ಅಂಗಡಿ ಗತಿ ಏನಕ್ಕಾ?" ಎಂದು ಕಣ್ಣೀರು ಹಾಕಿದಾಗ, "ನೀನು ಬರೆಯೋ ನಾಲ್ಕು ಅಂಕಿ ನನಗೆ ಬರೆಯೋಕೆ ಬರಲ್ವೇನೇ? ನಡಿ, ಬಸ್ಸು ತಪ್ಪುತ್ತೆ" ಎಂದು ಗದರಿ ಕಳಿಸಿದವಳು ಅಕ್ಕನೇ. ಬರೆಯಲು ಬರುತ್ತಿತ್ತು, ನಿಜ. ಆದರೆ ಟೇಪು ಕೆಳಗಿಟ್ಟು, ಕನ್ನಡಕ ಹುಡುಕಿ, ಪೆನ್ನು ಎತ್ತುವಷ್ಟರಲ್ಲಿ ಅಂಕಿ ತಲೆಯಿಂದ ಹಾರಿಹೋಗಿರುತ್ತಿತ್ತು. ಅಂಗಡಿ ಹೀಗೆ ಎಡವುತ್ತಿದೆ ಎಂಬ ಸುಳಿವು ಸಿಕ್ಕರೂ ಸಾಕು, ಆ ಹುಚ್ಚಿ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಓಡಿ ಬಂದಾಳು. ಈಗಷ್ಟೇ ಸಿಕ್ಕಿದ ಸಂಸಾರ ಅವಳದು. ಅದಕ್ಕೇ ದಿನಾ ಊಟದ ಹೊತ್ತಿಗೆ ಅವಳ ಫೋನು ಬಂದಾಗ ಅಕ್ಕ ಎಲ್ಲಕ್ಕೂ "ಚೆನ್ನಾಗಿ ನಡೀತಿದೆ" ಎನ್ನುತ್ತಿದ್ದಳು.

"ಆ ಚೀಟಿ ಸಹವಾಸ ಬಿಡಿ ಅಕ್ಕಾ," ನರ್ಸಮ್ಮ ಕೈ ನೀಡಿದಳು. "ನಿಮ್ಮ ಫೋನ್ ಕೊಡಿ ಇಲ್ಲಿ. ನಮ್ಮ ವಾರ್ಡಲ್ಲಿ ಮೂವತ್ತು ಜನರ ಜ್ವರ, ಮಾತ್ರೆ, ಸಿಡುಕು ಎಲ್ಲಾ ನೆನಪಿಟ್ಕೋಬೇಕು. ಬರ್ಕೊಳ್ಳೋ ಆಪ್ ಇಲ್ದಿದ್ರೆ ನನ್ನ ಗತಿನೂ ಇದೇ."

ನಿಂತ ನಿಂತಲ್ಲೇ ಮೂರು ಆಪ್ ಇಳಿಸಿದಳು. ಮೊದಲನೆಯದರಲ್ಲಿ ಹಳದಿ, ಗುಲಾಬಿ, ಹಸಿರು ಚೌಕಗಳು ಸಾಲಾಗಿ ಮೂಡಿದವು.

"ಇದೂ ಚೀಟಿನೇ ಅಲ್ವೇನಮ್ಮಾ? ಖಾನೆ ಬಿಟ್ಟು ಫೋನೊಳಗೆ ಬಂದು ಕೂತಿದಾವೆ, ಅಷ್ಟೇ."

ಎರಡನೆಯದರಲ್ಲಿ ಕಡತದೊಳಗೆ ಕಡತ, ಅದರೊಳಗೆ ಇನ್ನೊಂದು. ಟೈಲರಕ್ಕ ಒಳಗೆ ಹೋದವಳು ಹೊರಗೆ ಬರುವ ದಾರಿ ಕಾಣದೆ ಫೋನನ್ನು ವಾಪಸು ಕೊಟ್ಟಳು. "ಇದನ್ನ ಜೋಡಿಸಿಡೋಕೆ ಇನ್ನೊಬ್ಬಳು ಬೇಕು."

"ಹಾಗಾದ್ರೆ ಇದೇ ಸರಿ. ಬೆರಳೂ ಬೇಡ, ಕನ್ನಡಕನೂ ಬೇಡ. ನೀವು ಬಾಯಲ್ಲಿ ಹೇಳ್ತಾ ಹೋಗಿ, ಅದೇ ಬರ್ಕೊಳ್ಳುತ್ತೆ. ನನ್ನ ಅಳತೆನೇ ಇನ್ನೊಂದ್ಸಲ ತಗೊಳ್ಳಿ, ನೋಡೋಣ."

ಫೋನನ್ನು ಎಲ್ಲಿಡುವುದೆಂದು ಟೈಲರಕ್ಕ ಸುತ್ತ ನೋಡಿ, ಕೊನೆಗೆ ಮೂಲೆಯ ಸ್ಟೂಲಿನ ಮೇಲೆ ದಾರದ ಡಬ್ಬಿಗೆ ಒರಗಿಸಿ ನಿಲ್ಲಿಸಿದಳು. ಟೇಪು ಕೈಗೆ ಬಂದದ್ದೇ ತಡ, ಅವಳಿಗೆ ಫೋನೂ ಮರೆತುಹೋಯಿತು, ಎದುರಿಗಿರುವವಳೂ ಮರೆತುಹೋದಳು. ಭುಜ, ಎದೆ, ಸೊಂಟ, ತೋಳು. ಒಂದು ಅಳತೆ ಕೂಗುವುದು, ಕ್ಷಣ ಹೊತ್ತು ನಿಲ್ಲುವುದು, ಮುಂದಕ್ಕೆ ಸರಿಯುವುದು. ಎಷ್ಟೋ ದಿನಗಳ ಮೇಲೆ ಕೈ ತನ್ನ ಹಳೆಯ ಹಾದಿ ಹಿಡಿದಿತ್ತು. ನರ್ಸಮ್ಮ ಕನ್ನಡಿಯೊಳಗಿಂದಲೇ ಎರಡು ಸಲ ಸ್ಟೂಲಿನ ಕಡೆ ನೋಡಿದಳು.

"ಎಲ್ಲಾ ಬರ್ಕೊಂಡಿದೆಯಾ?" ಟೈಲರಕ್ಕ ಟೇಪನ್ನು ಕೊರಳಿಗೆ ಹಾಕಿಕೊಂಡು ಕೇಳಿದಳು.

ನರ್ಸಮ್ಮ ಫೋನನ್ನು ತಂದು ಅವಳ ಕೈಗಿಟ್ಟಳು. ಟೈಲರಕ್ಕ ಕನ್ನಡಕ ಏರಿಸಿಕೊಂಡಳು.

ಭುಜ ಹದಿನಾಲ್ಕೂವರೆ ಪುಟ್ಟಿ ಬರ್ಕೊಂಡ್ಯಾ
ಎದೆ ಮೂವತ್ತಾರು ಪುಟ್ಟಿ ಬರ್ಕೊಂಡ್ಯಾ
ಸೊಂಟ ಮೂವತ್ತೆರಡು ಪುಟ್ಟಿ ಬರ್ಕೊಂಡ್ಯಾ
ತೋಳು ಇಪ್ಪತ್ತೊಂದು ಪುಟ್ಟಿ ಬರ್ಕೊಂಡ್ಯಾ ಹ್ಞೂಂ ಅನ್ನೇ

ಹೊರಗೆ ಯಾರದೋ ಸೈಕಲ್ಲು ಬೆಲ್ಲು ಬಾರಿಸಿಕೊಂಡು ದಾಟಿಹೋಯಿತು.

"ಬೇಡದ ಮಾತನ್ನ ಅಳಿಸ್ಬಹುದು ಅಕ್ಕಾ," ನರ್ಸಮ್ಮ ಮೆಲ್ಲಗೆ ಹೇಳಿದಳು. "ಅಳಿಸಿಕೊಡ್ಲಾ?"

"ಇರ್ಲಿ ಬಿಡಮ್ಮಾ. ಅಳತೆ ಸರಿಯಾಗಿದೆಯಲ್ಲ."

ಅಷ್ಟರಲ್ಲಿ ಕೈಯೊಳಗೇ ಫೋನು ಬಡಿದುಕೊಂಡಿತು. ಊಟದ ಹೊತ್ತು. ಟೈಲರಕ್ಕ ಕಿವಿಗಿಟ್ಟಳು.

"ಅಕ್ಕಾ, ಊಟ ಆಯ್ತಾ? ಅಳತೆ ಎಲ್ಲಾ ಹೇಗೆ ಬರ್ಕೋತಿದೀಯಾ? ಸುಳ್ಳು ಹೇಳ್ಬೇಡ."

"ಒಂದು ಆಪ್ ಹಾಕ್ಕೊಂಡಿದೀನಿ ಕಣೇ," ಎಂದಳು ಟೈಲರಕ್ಕ, ಮೂಲೆಯ ಖಾಲಿ ಸ್ಟೂಲನ್ನೇ ನೋಡುತ್ತ. "ನಿನಗಿಂತ ಜೋರಿದೆ ಅದು. ನಾನು ಅಂದದ್ದು ಒಂದು ಮಾತೂ ಬಿಡಲ್ಲ."